ಊರು ಮುಳುಗಿದ ವರ್ಷದ ಪೆಟ್ಟಿಗೆ

2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳೊಳಗೆ 944 ಮಿಲಿಮೀಟರ್ ಮಳೆ ದಾಖಲಾಯಿತು. ಮಿಠಿ ನದಿ ಉಕ್ಕಿ ಕುರ್ಲಾ, ಕಲೀನಾ ಸುತ್ತಿನ ನೆಲಮಹಡಿಗಳನ್ನೆಲ್ಲ ನುಂಗಿತು. ಸತ್ತವರ ಲೆಕ್ಕ, ಕೊಚ್ಚಿಹೋದ ಸಾಮಾನಿನ ಲೆಕ್ಕ ಪತ್ರಿಕೆಗಳಲ್ಲಿ ಬಂತು. ಕಪಾಟಿನ ಕೆಳಗಿನ ಅರೆಯಲ್ಲಿದ್ದ ಮದುವೆಯ ಆಲ್ಬಂ, ದಾಖಲೆಪತ್ರಗಳ ಕಟ್ಟು, ಮೇಜಿನ ಕೆಳಗಿದ್ದ ಕಂಪ್ಯೂಟರ್ ಪೆಟ್ಟಿಗೆ ಇವುಗಳ ಲೆಕ್ಕವನ್ನು ಯಾರೂ ಹಿಡಿಯಲಿಲ್ಲ.

ಅದೇ 2005ರಲ್ಲಿ ಮೂರು ಬೇರೆ ಬೇರೆ ಕಡೆ ಇನ್ನೊಂದು ಕೆಲಸ ನಡೆಯುತ್ತಿತ್ತು. ಫ್ರಾನ್ಸಿನ ಒಲಿವಿಯೆ ಕೊಷಾರ್-ಲಾಬೆ ಎಂಬಾತ ಹಳೆಯ ಕಂಪ್ಯೂಟರನ್ನು ಮನೆಯ ಕಡತಭಂಡಾರವಾಗಿ ಮಾಡುವ ‘ಫ್ರೀನ್ಯಾಸ್’ ಎಂಬ ತಂತ್ರಾಂಶವನ್ನು ಹೊರತಂದ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ, ಜೆಫ್ ಬಾನ್ವಿಕ್ ಮತ್ತು ಮ್ಯಾಥ್ಯೂ ಆರೆನ್ಸ್ 2001ರಿಂದ ಕಟ್ಟುತ್ತ ಬಂದಿದ್ದ ‘ಝಡ್‌ಎಫ್‌ಎಸ್’ ಎಂಬ ಕಡತವ್ಯವಸ್ಥೆಯ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. ಅಲ್ಲಿಯದೇ ಲೈಮ್ ಟೆಕ್ನಾಲಜಿ ಎಂಬ ಪುಟ್ಟ ಕಂಪನಿ ‘ಅನ್‌ರೇಡ್’ ಅನ್ನು ಮಾರುಕಟ್ಟೆಗೆ ತಂದಿತು. ಮುಂಬೈಯ ಮಳೆಗೂ ಇವುಗಳಿಗೂ ಯಾವ ನಂಟೂ ಇಲ್ಲ. ಆದರೆ ಇವತ್ತು ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಯಾರಾದರೂ ಸ್ವಂತ ಸಂಗ್ರಹಪೆಟ್ಟಿಗೆ ಕಟ್ಟಿಕೊಂಡು ಅದಕ್ಕೆ ಯಾವ ತಂತ್ರಾಂಶ ಹಾಕಲಿ ಎಂದು ಯೋಚಿಸಿದರೆ ಅವರ ಮುಂದೆ ಬರುವ ಹೆಸರುಗಳು ಈ ಮೂರರ ಮಕ್ಕಳು, ಮೊಮ್ಮಕ್ಕಳೇ. ಆಯ್ಕೆ ಮಾಡುವ ಮುನ್ನ ಆ ವಂಶದ ಕತೆ ಗೊತ್ತಿದ್ದರೆ ಒಳ್ಳೆಯದು.

ಯಾರಿಗೆ ಬೇಕು ಈ ಪೆಟ್ಟಿಗೆ? ಮುಂಬೈ ಕನ್ನಡಿಗರ ಮಟ್ಟಿಗೆ ಉತ್ತರ ಸುಲಭ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು, ಮೊಗವೀರ ವ್ಯವಸ್ಥಾಪಕ ಮಂಡಳಿ ಇನ್ನೂ ಹಳೆಯದು. ಇವುಗಳ ಜೊತೆಗೆ ಜಾತಿಸಂಘಗಳು, ಊರಿನ ಹೆಸರಿನ ಸಮಿತಿಗಳು, ಭಜನಾ ಮಂಡಳಿಗಳು, ಯಕ್ಷಗಾನ ಮೇಳಗಳು, ಹೋಟೆಲಿನ ಹುಡುಗರು ಕೆಲಸ ಮುಗಿಸಿ ಓದಿದ ಫೋರ್ಟಿನ ರಾತ್ರಿ ಶಾಲೆಗಳು. ಇಂಥ ಸಂಸ್ಥೆಗಳಲ್ಲಿ ಎಷ್ಟೋ ಮುಚ್ಚಿವೆ. ಉಳಿದದ್ದು ಹಾಜರಿ ಪುಸ್ತಕ, ಸ್ಮರಣಸಂಚಿಕೆ, ಕ್ಯಾಸೆಟ್, ಫೋಟೊ. ಈಚೆಗೆ ಇವನ್ನು ಸ್ಕ್ಯಾನ್ ಮಾಡುವ ಹುಮ್ಮಸ್ಸು ಅಲ್ಲಲ್ಲಿ ಕಾಣುತ್ತದೆ. ಸ್ಕ್ಯಾನ್ ಆದದ್ದೆಲ್ಲ ಯಾರದೋ ಒಬ್ಬರ ಮನೆಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹೋಗಿ ಕೂತರೆ, ಆ ಡಿಸ್ಕ್ ಕೆಟ್ಟ ದಿನ ನೂರು ವರ್ಷದ ನೆನಪು ಎರಡನೆಯ ಸಲ ಸಾಯುತ್ತದೆ. ಈ ಸಲ ಮಳೆಯೂ ಬೇಕಿಲ್ಲ.

ಕಡತಗಳನ್ನು ಒಂದು ಕಡೆ ಇಟ್ಟು ಹಲವರು ಬಳಸುವ ಉಪಾಯ ಹಳೆಯದೇ. ಸನ್ ಕಂಪನಿಯ ಎನ್‌ಎಫ್‌ಎಸ್ 1984ರಲ್ಲಿ ಬಂತು. ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರಲ್ಲಿ ಒಂದು ಪ್ರಬಂಧ ಬರೆದು, ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಜೋಡಿಸಿ, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡಬಹುದು ಎಂದು ತೋರಿಸಿದರು. ‘ರೇಡ್’ ಎಂಬ ಹೆಸರು ಅಲ್ಲಿಂದ ಬಂದದ್ದು. 1992ರ ಸುಮಾರಿಗೆ ಕ್ಯಾನ್‌ಬೆರಾದ ವಿದ್ಯಾರ್ಥಿ ಆಂಡ್ರೂ ಟ್ರಿಜೆಲ್, ವಿಂಡೋಸ್ ಲೋಕದ ಕಡತಹಂಚಿಕೆಯ ಭಾಷೆಯನ್ನು ಯುನಿಕ್ಸ್ ಯಂತ್ರಗಳಿಗೂ ಕಲಿಸುವ ‘ಸಾಂಬಾ’ವನ್ನು ಬರೆದ. ಇದರಿಂದ ಲೈಸೆನ್ಸ್ ಹಣ ಕೊಡದೆ ಯಾವುದೇ ಹಳೆಯ ಪೆಟ್ಟಿಗೆಯನ್ನು ಕಚೇರಿಯ ಸರ್ವರ್ ಮಾಡುವುದು ಸಾಧ್ಯವಾಯಿತು.

ಕನ್ನಡಿಗರಿಗೆ ಇಲ್ಲೊಂದು ಸಣ್ಣ ಆದರೆ ಮುಖ್ಯ ತಿರುವಿದೆ. 2003ರ ಸಾಂಬಾ 3ರಲ್ಲಿ ಯುನಿಕೋಡ್ ಬೆಂಬಲ ಬಂತು. ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಅಕ್ಷರಶೈಲಿಯೊಂದಿಗೆ 2001ರಲ್ಲೇ ಬಂದಿತ್ತು. ಈ ಎರಡೂ ಕೂಡಿದ ಮೇಲೆ ‘ವಾರ್ಷಿಕ ಮಹಾಸಭೆ’ ಎಂದು ಕನ್ನಡದಲ್ಲೇ ಹೆಸರಿಟ್ಟ ಫೋಲ್ಡರನ್ನು ಲಿನಕ್ಸ್ ಸರ್ವರಿನಲ್ಲಿಟ್ಟು ವಿಂಡೋಸಿನಿಂದ ತೆರೆಯಬಹುದಾಯಿತು.

ಇಷ್ಟಾದರೂ ಸರ್ವರ್ ನಡೆಸಬೇಕಾದರೆ ಕಪ್ಪು ಪರದೆಯಲ್ಲಿ ಆಜ್ಞೆಗಳನ್ನು ಟೈಪು ಮಾಡಬಲ್ಲ ಒಬ್ಬ ಬೇಕಿತ್ತು. ಆ ಒಬ್ಬ ಕೆಲಸ ಬಿಟ್ಟು ದುಬೈಗೆ ಹೋದರೆ ಸರ್ವರ್ ಅನಾಥ. ಇದಕ್ಕೆ ಉತ್ತರವಾಗಿ 1997ರಲ್ಲಿ ಆಸ್ಟ್ರೇಲಿಯಾದ ಜೇಮಿ ಕ್ಯಾಮರಾನ್ ‘ವೆಬ್‌ಮಿನ್’ ಬರೆದ. ಬ್ರೌಸರ್ ತೆರೆದು, ಗುಂಡಿ ಒತ್ತಿ, ಬಳಕೆದಾರರನ್ನು ಸೇರಿಸಿ, ಫೋಲ್ಡರ್ ಹಂಚಬಹುದು. ಸಾಂಬಾ ಕೂಡ 1999ರಲ್ಲಿ ತನ್ನದೇ ಜಾಲಪರದೆಯನ್ನು ಸೇರಿಸಿಕೊಂಡಿತು. ಆದರೆ ಇವೆಲ್ಲ ಈಗಾಗಲೇ ಇರುವ ಸರ್ವರಿನ ಮೇಲೆ ಹಾಕಿದ ಮುಖವಾಡಗಳು. ಒಳಗಿನದನ್ನು ಕಟ್ಟುವ ಕೆಲಸ ಇನ್ನೂ ಬಲ್ಲವರದೇ.

ಅದನ್ನು ತಿರುಗುಮುರುಗು ಮಾಡಿದ್ದು ಸ್ವಿಟ್ಜರ್ಲೆಂಡಿನ ಮಾನ್ವೆಲ್ ಕ್ಯಾಸ್ಪರ್. ಅವನ ‘ಮೊನೊವಾಲ್’ 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡಿತು. ಅದು ಸಂಗ್ರಹದ ತಂತ್ರಾಂಶವಲ್ಲ, ಜಾಲದ ಕಾವಲಿನದು. ಆದರೆ ಅದರಲ್ಲಿ ಎರಡು ಹೊಸ ವಿಚಾರಗಳಿದ್ದವು. ಜಾಲಪುಟವೇ ಯಂತ್ರದ ಮುಖ್ಯ ಬಾಗಿಲು ಎಂಬುದು ಮೊದಲನೆಯದು. ಇಡೀ ಯಂತ್ರದ ಸೆಟ್ಟಿಂಗ್ ಒಂದೇ ಪಠ್ಯಕಡತದಲ್ಲಿ ಕೂತಿರಬೇಕು ಎಂಬುದು ಎರಡನೆಯದು. ಆ ಕಡತವನ್ನು ಎತ್ತಿಟ್ಟುಕೊಂಡರೆ ಸಾಕು, ಸುಟ್ಟುಹೋದ ಯಂತ್ರದ ಬದಲು ಹೊಸದನ್ನು ತಂದು ಸ್ವಲ್ಪ ಹೊತ್ತಿನಲ್ಲಿ ಮೊದಲಿನಂತೆ ನಿಲ್ಲಿಸಬಹುದು. ಕೊಷಾರ್-ಲಾಬೆ ತನ್ನ ಫ್ರೀನ್ಯಾಸನ್ನು ಕಟ್ಟಿದ್ದು ಇದೇ ಅಡಿಪಾಯದ ಮೇಲೆ.

ಮುಂದಿನದು ಕೂಡುಕುಟುಂಬ ಒಡೆದ ಕತೆ. ಫ್ರೀನ್ಯಾಸ್ ಬೆಳೆದಂತೆ ಜರ್ಮನಿಯ ಫೋಲ್ಕರ್ ಥೈಲೆ ಅದರ ಮುಖ್ಯ ದುಡಿಮೆಗಾರನಾದ. 2009ರ ಕೊನೆಗೆ ಅವನು, ಫ್ರೀಬಿಎಸ್‌ಡಿ ಎಂಬ ತಳಹದಿ ಬಿಟ್ಟು ಡೆಬಿಯನ್ ಲಿನಕ್ಸಿಗೆ ಹೋಗೋಣ ಎಂದ. ಹಳಬರು ಒಪ್ಪಲಿಲ್ಲ. ಐಎಕ್ಸ್ ಸಿಸ್ಟಮ್ಸ್ ಎಂಬ ಅಮೆರಿಕದ ಕಂಪನಿ ಮುಂದೆ ಬಂದು, ಫ್ರೀನ್ಯಾಸ್ ಹಳೆಯ ತಳಹದಿಯಲ್ಲೇ ಉಳಿಯಲಿ, ಖರ್ಚು ನಮ್ಮದು ಎಂದಿತು. ಥೈಲೆ ಹೊರಬಂದು 2011ರಲ್ಲಿ ‘ಓಪನ್ ಮೀಡಿಯಾ ವಾಲ್ಟ್’ ಹೊರತಂದ. ಅದೇ ವರ್ಷ ಕಂಪನಿಯು ಫ್ರೀನ್ಯಾಸನ್ನು ಬುಡದಿಂದ ಹೊಸದಾಗಿ ಬರೆಸಿ ಝಡ್‌ಎಫ್‌ಎಸ್ ಸುತ್ತ ಕಟ್ಟಿತು. ಹಳೆಯ ಸಂಕೇತವನ್ನು ಬಿಡಲೊಲ್ಲದವರು ಅದನ್ನೇ ‘ನ್ಯಾಸ್ ಫಾರ್ ಫ್ರೀ’ ಎಂದು ಮುಂದುವರಿಸಿದರು. ಅದರ ಈಗಿನ ಹೆಸರು ಸಿಗ್ಮಾನ್ಯಾಸ್. ಒಂದೇ ಮನೆಯಿಂದ ಮೂರು ಒಲೆ.

ಕಂಪನಿಯ ಒಲೆಯಲ್ಲೂ ಎಲ್ಲ ಸುಸೂತ್ರವಾಗಿ ನಡೆಯಲಿಲ್ಲ. 2017ರ ಮಾರ್ಚಿನಲ್ಲಿ ‘ಕೊರಾಲ್’ ಎಂಬ ಹೊಚ್ಚಹೊಸ ಆವೃತ್ತಿ ಬಂತು. ಜಾಲಪರದೆ ನೋಡಲು ಬಹಳ ಚೆಂದ. ಒಂದೇ ತಿಂಗಳಲ್ಲಿ ಕಂಪನಿ ಅದನ್ನು ಹಿಂತೆಗೆದುಕೊಂಡು, ಹಳೆಯ ಆವೃತ್ತಿಗೆ ಮರಳಿ ಎಂದು ಬಳಕೆದಾರರಿಗೆ ಹೇಳಬೇಕಾಯಿತು. 2020ರಲ್ಲಿ ಫ್ರೀನ್ಯಾಸ್ ಎಂಬ ಹೆಸರೇ ಹೋಗಿ ‘ಟ್ರೂನ್ಯಾಸ್’ ಆಯಿತು. 2022ರಲ್ಲಿ ‘ಟ್ರೂನ್ಯಾಸ್ ಸ್ಕೇಲ್’ ಬಂತು. ಅದರ ತಳಹದಿ ಡೆಬಿಯನ್ ಲಿನಕ್ಸ್! ಹನ್ನೆರಡು ವರ್ಷದ ಹಿಂದೆ ಯಾವ ಮಾತಿಗಾಗಿ ಮನೆ ಒಡೆದಿತ್ತೋ ಕೊನೆಗೆ ಅಲ್ಲಿಗೇ ಬಂದು ತಲುಪಿದರು.

ಈ ಕತೆಯಿಂದ ಆಯ್ಕೆ ಮಾಡುವವರು ಕಲಿಯಬೇಕಾದ್ದು ಏನು? ಮೊದಲನೆಯದು, ಜಾಲಪರದೆ ಬದಲಾಗುತ್ತಲೇ ಇರುತ್ತದೆ, ಡಿಸ್ಕಿನ ಮೇಲಿನ ಬರವಣಿಗೆ ಉಳಿಯುತ್ತದೆ. ಪರದೆಯ ಅಂದ ನೋಡಿ ತಂತ್ರಾಂಶ ಆರಿಸುವುದು ಬಾಗಿಲಿನ ಬಣ್ಣ ನೋಡಿ ಮನೆ ಕೊಂಡಂತೆ. ಕೇಳಬೇಕಾದ ಪ್ರಶ್ನೆ ಬೇರೆ: ನಾಳೆ ಈ ತಂತ್ರಾಂಶ ನಿಂತುಹೋದರೆ ಡಿಸ್ಕನ್ನು ತೆಗೆದು ಇನ್ನೊಂದು ಯಂತ್ರಕ್ಕೆ ಹಾಕಿ ಓದಬಹುದೆ? ಓಪನ್ ಮೀಡಿಯಾ ವಾಲ್ಟ್ ಸಾಮಾನ್ಯವಾಗಿ ಬಳಸುವ ಲಿನಕ್ಸ್ ಕಡತವ್ಯವಸ್ಥೆಯ ಡಿಸ್ಕನ್ನು ಯಾವ ಲಿನಕ್ಸ್ ಕಂಪ್ಯೂಟರೂ ಓದುತ್ತದೆ. ಝಡ್‌ಎಫ್‌ಎಸ್ ಭಂಡಾರವನ್ನೂ ಅದನ್ನು ಬಲ್ಲ ಬೇರೆ ವ್ಯವಸ್ಥೆಗೆ ಸಾಗಿಸಬಹುದು.

ಎರಡನೆಯದು ಯಂತ್ರದ ಶಕ್ತಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ ಹಳೆಯ ಆಫೀಸು ಕಂಪ್ಯೂಟರಿಗೆ ನಾಲ್ಕು ಜಿಬಿ ಮೆಮೊರಿ ಇದ್ದರೂ ಓಪನ್ ಮೀಡಿಯಾ ವಾಲ್ಟ್ ಆರಾಮವಾಗಿ ನಡೆಯುತ್ತದೆ. ಟ್ರೂನ್ಯಾಸ್ ಕನಿಷ್ಠ ಎಂಟು ಜಿಬಿ ಕೇಳುತ್ತದೆ. ಅದಕ್ಕೆ ಬದಲಾಗಿ ಅದು ಕೊಡುವುದು ಝಡ್‌ಎಫ್‌ಎಸ್‌ನ ಕಾವಲು: ಬರೆದ ಪ್ರತಿ ತುಣುಕಿಗೂ ಒಂದು ತಾಳೆ ಸಂಖ್ಯೆ. ಡಿಸ್ಕಿನ ಒಂದು ಮೂಲೆಯಲ್ಲಿ ಮಾಹಿತಿ ಸದ್ದಿಲ್ಲದೆ ಕೆಟ್ಟರೆ ಓದುವಾಗ ಗೊತ್ತಾಗುತ್ತದೆ, ಜೋಡಿ ಡಿಸ್ಕ್ ಇದ್ದರೆ ತಾನೇ ಸರಿಪಡಿಸಿಕೊಳ್ಳುತ್ತದೆ. ಹತ್ತು ವರ್ಷ ಯಾರೂ ತೆರೆಯದ ಸ್ಕ್ಯಾನ್‌ಗಳನ್ನು ಕಾಯಲು ಇದು ದೊಡ್ಡ ಗುಣ. ಬೇರೆ ಬೇರೆ ಅಳತೆಯ ಡಿಸ್ಕುಗಳನ್ನು ಕೂಡಿಸುವವರಿಗೆ ಅನ್‌ರೇಡ್ ಹಿತ. ಆದರೆ ಅದಕ್ಕೆ ಹಣ ಕೊಡಬೇಕು, 2024ರಿಂದ ಅದರ ಕೆಳಹಂತದ ಲೈಸೆನ್ಸ್‌ಗಳಿಗೆ ಮೊದಲ ವರ್ಷದ ನಂತರದ ಹೊಸ ಆವೃತ್ತಿಗಳಿಗಾಗಿ ಮತ್ತೆ ಹಣ ಕಟ್ಟಬೇಕು. ವರ್ಗಣಿಯ ಮೇಲೆ ನಡೆಯುವ ಸಂಘಕ್ಕೆ ಇದು ಯೋಚಿಸಬೇಕಾದ ಮಾತು.

ಮೂರನೆಯದು ಬಾಗಿಲಿನ ಬೀಗ. ಜಾಲಪರದೆ ಇರುವುದು ಮನೆಯೊಳಗಿನ ಜಾಲಕ್ಕೆ. ಅದನ್ನು ಇಂಟರ್ನೆಟ್ಟಿಗೆ ತೆರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಎರಡು ಸಾಕ್ಷಿ ಸಾಕು. 2021ರ ಜೂನ್‌ನಲ್ಲಿ ಲೋಕದಾದ್ಯಂತ ವೆಸ್ಟರ್ನ್ ಡಿಜಿಟಲ್‌ನ ‘ಮೈ ಬುಕ್ ಲೈವ್’ ಪೆಟ್ಟಿಗೆಗಳಲ್ಲಿದ್ದ ಕಡತಗಳನ್ನು ದೂರದಿಂದಲೇ ಅಳಿಸಿಹಾಕಲಾಯಿತು. ಆ ಪೆಟ್ಟಿಗೆಗಳಿಗೆ 2015ರ ನಂತರ ಹೊಸ ದುರಸ್ತಿಯೇ ಬಂದಿರಲಿಲ್ಲ. 2022ರ ಜನವರಿಯಲ್ಲಿ ‘ಡೆಡ್‌ಬೋಲ್ಟ್’ ಎಂಬ ಸುಲಿಗೆ ತಂತ್ರಾಂಶ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ಹೊಕ್ಕು ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಎರಡೂ ಸಲ ಹೆಚ್ಚಾಗಿ ಸಿಕ್ಕಿಬಿದ್ದದ್ದು ಇಂಟರ್ನೆಟ್ಟಿಗೆ ನೇರವಾಗಿ ಮುಖಮಾಡಿ ನಿಂತವು.

ಯಾವ ತಂತ್ರಾಂಶವೂ ಮಾಡಿಕೊಡದ ಕೆಲಸ ಇನ್ನೊಂದಿದೆ. ಎರಡು ಡಿಸ್ಕು ಜೋಡಿಸಿದ್ದೇವೆ, ಇನ್ನು ಭಯವಿಲ್ಲ ಎಂದುಕೊಳ್ಳುವವರು ಜುಲೈ 26ನ್ನು ನೆನೆಯಬೇಕು. ಒಂದೇ ಪೆಟ್ಟಿಗೆಯ ಎರಡು ಡಿಸ್ಕುಗಳು ಒಂದೇ ನೀರಿನಲ್ಲಿ ಮುಳುಗುತ್ತವೆ. ಛಾಯಾಗ್ರಾಹಕ ಪೀಟರ್ ಕ್ರೋ ಬಳಕೆಗೆ ತಂದ ಸೂತ್ರ ಇದಕ್ಕೇ ಇರುವುದು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಲ್ಲಿ. ಮುಂಬೈ ಕನ್ನಡಿಗರಿಗೆ ಮೂರನೆಯದು ಕಷ್ಟವಲ್ಲ. ಎಲ್ಲರಿಗೂ ಒಂದು ‘ಊರು’ ಇದ್ದೇ ಇದೆ. ಉಡುಪಿಗೋ ಮಂಗಳೂರಿಗೋ ರಜೆಗೆ ಹೋಗುವವರ ಕೈಯಲ್ಲಿ ವರ್ಷಕ್ಕೆರಡು ಸಲ ಒಂದು ಡಿಸ್ಕ್ ಕಳುಹಿಸಿದರೆ ಆಯಿತು. ವಿದ್ಯುತ್ತಿನ ಮಾತೂ ಇದೆ. ಕರೆಂಟು ಹೋಗದ ಊರು ಎಂಬ ಮುಂಬೈಯ ಹೆಮ್ಮೆ 2020ರ ಅಕ್ಟೋಬರ್ 12ರ ಬೆಳಗ್ಗೆ ಲೋಕಲ್ ರೈಲುಗಳ ಜೊತೆಗೇ ನಿಂತುಹೋಗಿತ್ತು. ಪೆಟ್ಟಿಗೆಗೆ ಒಂದು ಯುಪಿಎಸ್ ಬೇಕು, ಅದು ನೆಲದಿಂದ ಎತ್ತರದಲ್ಲಿರಬೇಕು.

ಕನ್ನಡದ್ದೇ ಆದ ತೊಡಕು ಬೇರೆ. ಹಳೆಯ ಸಂಚಿಕೆಗಳ ಪೇಜ್‌ಮೇಕರ್ ಕಡತಗಳು ಶ್ರೀಲಿಪಿಯಲ್ಲೋ ಹಳೆಯ ನುಡಿ, ಬರಹದಲ್ಲೋ ಇವೆ. ಡಿಸ್ಕ್ ಅವನ್ನು ಒಂದು ಬಿಟ್ ತಪ್ಪದೆ ಕಾಯಬಹುದು. ಆದರೆ ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆದ್ದರಿಂದ ಮೂಲದ ಪಕ್ಕದಲ್ಲಿ ಪಿಡಿಎಫ್ ಪ್ರತಿ, ಆದಷ್ಟಕ್ಕೆ ಯುನಿಕೋಡ್ ಪ್ರತಿ ಇಡಬೇಕು. ಇಲ್ಲವಾದರೆ ಕಾದದ್ದು ಕಡತವನ್ನಷ್ಟೇ, ಬರಹವನ್ನಲ್ಲ.

ಹಾಗಾದರೆ ಕೊನೆಗೆ ಯಾವುದು? ಕಂಪ್ಯೂಟರ್ ಬಲ್ಲವರು ಒಬ್ಬಿಬ್ಬರೇ ಇರುವ ಸಣ್ಣ ಸಂಘಕ್ಕೆ ಹಳೆಯ ಪೆಟ್ಟಿಗೆ, ಎರಡು ಡಿಸ್ಕ್, ಓಪನ್ ಮೀಡಿಯಾ ವಾಲ್ಟ್ ಸಾಕು ಎಂಬುದು ನನ್ನ ಅಭಿಪ್ರಾಯ. ವಿಡಿಯೊ, ಧ್ವನಿಮುದ್ರಣಗಳ ದೊಡ್ಡ ಸಂಗ್ರಹವಿದ್ದು ಒಳ್ಳೆಯ ಯಂತ್ರಕ್ಕೆ ಹಣವಿದ್ದರೆ ಟ್ರೂನ್ಯಾಸ್. ಎರಡರಲ್ಲೂ ಸೆಟ್ಟಿಂಗ್ ಕಡತದ ಒಂದು ಪ್ರತಿಯನ್ನು ಪೆಟ್ಟಿಗೆಯ ಹೊರಗೆ ಇಡಬೇಕು. ಪಾಸ್‌ವರ್ಡ್ ಎಲ್ಲಿದೆ, ಡಿಸ್ಕ್ ಕೆಟ್ಟರೆ ಯಾವ ಪುಟದಲ್ಲಿ ಕೆಂಪು ಗುರುತು ಬರುತ್ತದೆ, ಹೊಸದನ್ನು ಹಾಕುವುದು ಹೇಗೆ ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದು ಕಾರ್ಯದರ್ಶಿಯ ಕಡತದಲ್ಲಿ ಸೇರಿಸಬೇಕು. ಯಾಕೆಂದರೆ ಫ್ರೀನ್ಯಾಸ್ ಕೈ ಬದಲಾಯಿಸಿದಂತೆ ಸಂಘದ ಸಮಿತಿಯೂ ಕೈ ಬದಲಾಯಿಸುತ್ತದೆ.

ಮುಂಬೈ ಮಹಾನಗರಪಾಲಿಕೆ ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ನಾಲಾಗಳ ಹೂಳೆತ್ತಿಸುತ್ತದೆ. ಸಂಘದ ಪೆಟ್ಟಿಗೆಗೂ ಅದೇ ಮೇ ತಿಂಗಳು ಗೊತ್ತುಮಾಡಿಕೊಳ್ಳಬಹುದು. ಒಂದು ಭಾನುವಾರ ಬ್ಯಾಕಪ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಹಳೆಯ ಸ್ಮರಣಸಂಚಿಕೆಯೊಂದನ್ನು ತೆರೆದು, ಎರಡು ಪುಟ ಓದಿ ನೋಡಬೇಕು. ಓದಲು ಬಂದರೆ ಬ್ಯಾಕಪ್ ಇದೆ ಎಂದರ್ಥ.