ಮಂಡಿನೋವಿಗೆ ರೋಬೋಟ್: ಇತಿಹಾಸ ಕಲಿಸುವ ಪಾಠ

ಮೈಸೂರಿನ ಯಾವುದೇ ಮೊಹಲ್ಲಾದಲ್ಲಿ ಅರವತ್ತು ದಾಟಿದವರಿರುವ ಮನೆಗೆ ಹೋಗಿ ಹತ್ತು ನಿಮಿಷ ಕುಳಿತರೆ ಮಂಡಿನೋವಿನ ಮಾತು ಬಂದೇ ಬರುತ್ತದೆ. ಮೆಟ್ಟಿಲು ಹತ್ತಲಾಗದು, ನೆಲದ ಮೇಲೆ ಕುಳಿತರೆ ಏಳಲಾಗದು, ನಮಾಝಿನಲ್ಲಿ ಸುಜೂದ್‌ಗೆ ಬಾಗಲಾಗದು. ಎಣ್ಣೆ, ಶಾಖ, ಮಾತ್ರೆ, ಚುಚ್ಚುಮದ್ದು ಎಲ್ಲವೂ ಮುಗಿದ ಮೇಲೆ ವೈದ್ಯರು ‘ಕೀಲು ಬದಲಿಸಬೇಕು’ ಎನ್ನುತ್ತಾರೆ. ಈಚಿನ ವರ್ಷಗಳಲ್ಲಿ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ‘ರೋಬೋಟ್ ಮೂಲಕ ಮಾಡಿಸುತ್ತೀರಾ?’

ಈ ಪ್ರಶ್ನೆ ಕೇಳಿದೊಡನೆ ಮನೆಯವರು ಎರಡು ಪಂಗಡವಾಗುತ್ತಾರೆ. ‘ಅಮ್ಮನ ಕಾಲನ್ನು ಯಂತ್ರದ ಕೈಗೆ ಕೊಡುವುದೇ?’ ಎಂದು ಒಬ್ಬರು ಬೆಚ್ಚಿದರೆ, ‘ಮನುಷ್ಯ ತಪ್ಪು ಮಾಡಬಹುದು, ಯಂತ್ರ ಮಾಡದು’ ಎಂದು ಇನ್ನೊಬ್ಬರು ಧೈರ್ಯ ಹೇಳುತ್ತಾರೆ. ಈ ಭಯವೂ ಈ ಭರವಸೆಯೂ ತಿಳಿವಳಿಕೆಯಿಂದ ಹುಟ್ಟಿದವಲ್ಲ. ಆದ್ದರಿಂದ ನಾವು ಸ್ವಲ್ಪ ಹಿಂದಕ್ಕೆ ತಿರುಗಿ ನೋಡುವುದು ಒಳ್ಳೆಯದು.

ತಾನಾಗಿ ಚಲಿಸುವಂತೆ ಕಾಣುವ ಯಂತ್ರ ಮನುಷ್ಯನ ಹಳೆಯ ಕನಸು. 1206ರಲ್ಲಿ ತನ್ನ ಗ್ರಂಥವನ್ನು ಮುಗಿಸಿದ ಅಲ್ ಜಝರಿ, ದೊರೆಯ ವುಝೂಗೆ ನೀರು ಸುರಿಯುವ ಯಾಂತ್ರಿಕ ಗೊಂಬೆಯ ರಚನೆಯನ್ನು ಅದರಲ್ಲಿ ವಿವರಿಸಿದ್ದಾನೆ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಬಳಿ ಮರದ ಒಂದು ಹುಲಿಯಿತ್ತು. ಅದು ಯುರೋಪಿಯನ್ ಸಿಪಾಯಿಯ ಮೇಲೆರಗಿದ ಹುಲಿ. ಹಿಡಿಕೆ ತಿರುಗಿಸಿದರೆ ಸಿಪಾಯಿಯ ಕೈ ಮೇಲೆ ಕೆಳಗೆ ಆಡುತ್ತಿತ್ತು, ಅವನ ನರಳಾಟವೂ ಹುಲಿಯ ಗರ್ಜನೆಯೂ ಕೇಳುತ್ತಿದ್ದವು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಆಂಗ್ಲರು ಅದನ್ನು ಹೊತ್ತೊಯ್ದರು. ಇಂದು ಅದು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಆ ಹುಲಿಗೂ ಆಪರೇಷನ್ ಥಿಯೇಟರಿನ ರೋಬೋಟ್‌ಗೂ ನಂಟಿಲ್ಲ. ಆದರೆ ಒಂದು ಮಾತು ಎರಡಕ್ಕೂ ಸಲ್ಲುತ್ತದೆ: ತಿರುಗಿಸುವ ಕೈ ಇಲ್ಲದೆ ಹುಲಿ ಗರ್ಜಿಸದು.

ಕೀಲು ಬದಲಿಸುವ ವಿದ್ಯೆಗೂ ದೀರ್ಘ ಚರಿತ್ರೆಯಿದೆ. 1890ರ ಸುಮಾರಿಗೆ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲಕ್ ಎಂಬ ವೈದ್ಯ, ಕ್ಷಯದಿಂದ ಹಾಳಾದ ಮಂಡಿಗೆ ಆನೆಯ ದಂತದಿಂದ ಮಾಡಿದ ಕೀಲನ್ನು ಜೋಡಿಸಿದ. ಸೋಂಕು ಆ ಪ್ರಯತ್ನವನ್ನು ಸೋಲಿಸಿತು. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಸೊಂಟದ ಕೀಲಿಗೆ ಮೊದಲು ಟೆಫ್ಲಾನ್ ಬಳಸಿದರು. ಕೆಲವೇ ವರ್ಷಗಳಲ್ಲಿ ಅದು ಸವೆದುಹೋಗಿ ನೂರಾರು ರೋಗಿಗಳಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು. ಚಾರ್ನ್ಲಿ ತಮ್ಮ ಸೋಲನ್ನು ಮುಚ್ಚಿಡಲಿಲ್ಲ. ಆ ವಸ್ತು ದೇಹದೊಳಗೆ ಏನು ಮಾಡುತ್ತದೆಂದು ತಿಳಿಯಲು ಅದರ ಚೂರನ್ನು ತಮ್ಮ ತೊಡೆಯಲ್ಲೇ ಇರಿಸಿಕೊಂಡರು. 1962ರಲ್ಲಿ ಅವರು ಪಾಲಿಎಥಿಲೀನ್ ಬಟ್ಟಲನ್ನು ಬಳಸಿದ ಮೇಲೆಯೇ ಈ ಚಿಕಿತ್ಸೆ ಗಟ್ಟಿಯಾಗಿ ನಿಂತದ್ದು. ಇಂದು ನಾವು ಕಾಣುವ ಬಗೆಯ ಮಂಡಿ ಕೀಲುಗಳು 1970ರ ದಶಕದಲ್ಲಿ ರೂಪುಗೊಂಡವು.

ರೋಬೋಟ್ ಬಂದದ್ದು ಇದಾದ ಮೇಲೆ. ಅಮೆರಿಕದಲ್ಲಿ ಒಬ್ಬ ಪಶುವೈದ್ಯ ಮತ್ತು ಒಬ್ಬ ಮೂಳೆ ಶಸ್ತ್ರಚಿಕಿತ್ಸಕ ಸೇರಿ ಬೆಳೆಸಿದ ರೋಬೋಡಾಕ್ ಎಂಬ ಯಂತ್ರವನ್ನು ಮೊದಲು ನಾಯಿಗಳ ಮೇಲೆ ಪರೀಕ್ಷಿಸಲಾಯಿತು. 1992ರಲ್ಲಿ ಸ್ಯಾಕ್ರಮೆಂಟೊ ನಗರದಲ್ಲಿ ಮನುಷ್ಯರ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಗೆ ಅದನ್ನು ಬಳಸಿದರು. ಬಳಿಕ ಜರ್ಮನಿಯ ಆಸ್ಪತ್ರೆಗಳು ಅದನ್ನು ಬಹಳ ಉತ್ಸಾಹದಿಂದ ಬರಮಾಡಿಕೊಂಡವು. ಸಾವಿರಾರು ಜನ ಅದರಿಂದ ಚಿಕಿತ್ಸೆ ಪಡೆದರು. ಆದರೆ ಕೆಲವರು ಸ್ನಾಯುಗಳಿಗೆ ಪೆಟ್ಟಾಗಿ ಕುಂಟುವಂತಾಯಿತೆಂದು ದೂರಿದರು. ಪ್ರಕರಣಗಳು ನ್ಯಾಯಾಲಯದ ಮೆಟ್ಟಿಲೇರಿದವು. 2006ರಲ್ಲಿ ಅಲ್ಲಿನ ಉಚ್ಚ ನ್ಯಾಯಪೀಠವು, ವಿಧಾನ ಹೊಸದಾಗಿದ್ದರೆ ಇನ್ನೂ ಗೊತ್ತಿಲ್ಲದ ಅಪಾಯಗಳಿರಬಹುದೆಂದು ರೋಗಿಗೆ ಸ್ಪಷ್ಟವಾಗಿ ಹೇಳಲೇಬೇಕೆಂದು ತೀರ್ಪಿತ್ತಿತು. ವಿಶೇಷವೆಂದರೆ ಆ ಮಹಿಳೆಗೆ ಪರಿಹಾರ ಸಿಗಲಿಲ್ಲ. ಏಕೆಂದರೆ ಅವರಿಗಾದ ನರದ ಗಾಯದ ಸಾಧ್ಯತೆಯನ್ನು ಮೊದಲೇ ತಿಳಿಸಲಾಗಿತ್ತು. ಅವರು ಸೋತರೂ ಅವರ ಮೊಕದ್ದಮೆ ಉಳಿದೆಲ್ಲ ರೋಗಿಗಳಿಗೆ ಒಂದು ಹಕ್ಕನ್ನು ಗಟ್ಟಿಮಾಡಿಕೊಟ್ಟಿತು.

ಅಂದಿನ ಯಂತ್ರಕ್ಕಿಂತ ಇಂದಿನವು ಬಹಳ ಸುಧಾರಿಸಿವೆ. ಕೆಲವು ವ್ಯವಸ್ಥೆಗಳಲ್ಲಿ ಮೊದಲೇ ಸಿ.ಟಿ. ಸ್ಕ್ಯಾನ್ ಮಾಡಿ ಮಂಡಿಯ ನಕ್ಷೆ ತಯಾರಿಸುತ್ತಾರೆ. ಮೂಳೆಗೆ ಸಣ್ಣ ಪಿನ್ನುಗಳನ್ನು ಕೂರಿಸಿ ಅದರ ಚಲನೆಯನ್ನು ಕ್ಯಾಮೆರಾ ಗಮನಿಸುವಂತೆ ಮಾಡುತ್ತಾರೆ. ಎಷ್ಟು ಮೂಳೆ ಕತ್ತರಿಸಬೇಕೆಂದು ವೈದ್ಯರು ಮೊದಲೇ ಗುರುತು ಹಾಕಿದರೆ, ಯಂತ್ರದ ತೋಳು ಗರಗಸವನ್ನು ಆ ಗೆರೆ ದಾಟಗೊಡುವುದಿಲ್ಲ. ಚರ್ಮ ಬಿಡಿಸುವುದು, ಸ್ನಾಯು ಕಾಪಾಡುವುದು, ಕೀಲು ಕೂರಿಸುವುದು ಎಲ್ಲವೂ ವೈದ್ಯರ ಕೆಲಸವೇ.

ಮೂಳೆಯನ್ನು ನಿಖರವಾಗಿ ಕತ್ತರಿಸುವುದರಲ್ಲಿ ರೋಬೋಟ್ ಮುಂದು ಎಂಬುದರಲ್ಲಿ ಹೆಚ್ಚು ತಕರಾರಿಲ್ಲ. ಆದರೆ ಆ ನಿಖರತೆಯಿಂದ ರೋಗಿಯ ನಡಿಗೆ ಅಷ್ಟೇ ಹೆಚ್ಚು ಸುಧಾರಿಸುವುದೇ? 2020ರಲ್ಲಿ ಪ್ರಕಟವಾದ ದಕ್ಷಿಣ ಕೊರಿಯಾದ ಅಧ್ಯಯನವೊಂದು ಎರಡೂ ಬಗೆಯಲ್ಲಿ ಮಂಡಿ ಬದಲಿಸಿಕೊಂಡವರನ್ನು ಹತ್ತು ವರ್ಷಕ್ಕೂ ಮೀರಿ ಗಮನಿಸಿತು. ನೋವು, ಚಲನೆ, ಕೀಲಿನ ಬಾಳಿಕೆ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದು ಹಳೆಯ ತಲೆಮಾರಿನ ಯಂತ್ರದ ಲೆಕ್ಕ, ನಿಜ. ಹೊಸ ಯಂತ್ರಗಳ ಅಷ್ಟೇ ದೀರ್ಘ ಲೆಕ್ಕಕ್ಕೆ ಕಾಲ ಕೂಡಿಬರಬೇಕು.

ಇನ್ನು ಹಣದ ಮಾತು. 2017ರ ಆಗಸ್ಟ್ 16ರಂದು ಕೇಂದ್ರ ಸರಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಅದನ್ನು ಪ್ರಕಟಿಸಿದವರು ನಮ್ಮ ರಾಜ್ಯದವರೇ ಆದ ಸಚಿವ ಅನಂತಕುಮಾರ್. ಒಂದೂವರೆ ಲಕ್ಷ ರೂಪಾಯಿ ಮೀರಿದ್ದ ಕೋಬಾಲ್ಟ್ ಕ್ರೋಮಿಯಂ ಕೀಲಿನ ದರ ಅಂದು 54,720 ರೂಪಾಯಿಗೆ ಇಳಿಯಿತು. ಆದರೆ ಆ ಮಿತಿ ಕೀಲಿಗೆ ಮಾತ್ರ. ರೋಬೋಟ್ ಬಳಕೆಯ ಶುಲ್ಕ ಅದರೊಳಗೆ ಬರುವುದಿಲ್ಲ. ಒಡವೆ ಅಡವಿಟ್ಟು ತಾಯಿಯ ಚಿಕಿತ್ಸೆ ಮಾಡಿಸುವ ಮನೆಗೆ ಇದು ಸಣ್ಣ ವಿಷಯವಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜು, ಅದರ ಕೆ.ಆರ್. ಆಸ್ಪತ್ರೆ ಬಡವರ ಪಾಲಿಗೆ ಇಂದಿಗೂ ಆಸರೆ. ಹೊಸ ವಿದ್ಯೆಯ ನಿಜವಾದ ಬೆಲೆ ತಿಳಿಯುವುದು ಅದು ಅಂಥ ಆಸ್ಪತ್ರೆಯ ಹೊರರೋಗಿಗಳ ಸಾಲನ್ನು ಮುಟ್ಟಿದಾಗ.

ಹಾಗಾದರೆ ರೋಬೋಟ್ ಬೇಡವೇ? ಹಾಗೆಂದು ನಾವು ಹೇಳುವುದಿಲ್ಲ. ಕೇಳದೆ ಒಪ್ಪಬೇಡಿ ಎನ್ನುತ್ತೇವೆ, ಅಷ್ಟೆ. ವ್ಯಾಯಾಮ, ತೂಕ ಇಳಿಸುವುದು ಮುಂತಾದ ದಾರಿಗಳೆಲ್ಲ ಮುಗಿದಿವೆಯೇ? ಈ ವೈದ್ಯರು ಯಂತ್ರದೊಂದಿಗೆ ಎಷ್ಟು, ಯಂತ್ರವಿಲ್ಲದೆ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದ್ದಾರೆ? ನಡುವೆ ಯಂತ್ರ ಕೈಕೊಟ್ಟರೆ ಕೈಯಿಂದಲೇ ಮುಗಿಸಬಲ್ಲರೇ? ಹೆಚ್ಚುವರಿ ಹಣ ಎಷ್ಟು, ಅದರಿಂದ ನಮಗಾಗುವ ಲಾಭವೇನು? ನೆಲದ ಮೇಲೆ ಕೂರುವುದು, ಮಂಡಿಯೂರುವುದು ಮುಂದೆ ಸಾಧ್ಯವೇ? ಕೀಲು ಬದಲಿಸಿಕೊಂಡ ಅನೇಕರಿಗೆ ಮಂಡಿಯೂರುವುದು ಕಷ್ಟವೇ ಆಗುತ್ತದೆ, ಯಂತ್ರ ಬಳಸಿದರೂ ಬಳಸದಿದ್ದರೂ. ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಲು ಅಶಕ್ತರಿಗೆ ಅವಕಾಶವಿದೆ. ಆದರೆ ಮತ್ತೆ ನೆಲಕ್ಕೆ ಹಣೆ ಹಚ್ಚುವ ಒಂದೇ ಆಸೆಯಿಂದ ಸಹಿ ಹಾಕುವ ತಾಯಿಗೆ ಈ ಸತ್ಯ ಮೊದಲೇ ತಿಳಿಯಬೇಕು.

ಈ ಪ್ರಶ್ನೆಗಳಿಗೆ ಉತ್ತರ ಮಗನಿಗೆ ಇಂಗ್ಲಿಷಿನಲ್ಲಿ ಸಿಕ್ಕರೆ ಸಾಲದು. ಕಾಲು ಯಾರದೋ ಅವರಿಗೆ, ಅವರ ಮಾತಿನಲ್ಲಿ, ಸಹಿಗೆ ಮೊದಲು ಸಿಗಬೇಕು. ಹಾಗೆ ಕೂತು ವಿವರಿಸುವ ವೈದ್ಯರು ಸಿಕ್ಕರೆ, ಅವರ ಕೈಯಲ್ಲಿ ರೋಬೋಟ್ ಇದ್ದರೂ ಇಲ್ಲದಿದ್ದರೂ, ಅರ್ಧ ಭಯ ಅಲ್ಲೇ ಕಳೆಯುತ್ತದೆ.