ಹಸಿರು ಬೆಟ್ಟದವರ ಮೂರು ಮತ

1936ರ ನವೆಂಬರ್ 3ರಂದು ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ನಡೆಯಿತು. ಆಗ ಅಲ್ಲಿದ್ದದ್ದು 48 ರಾಜ್ಯಗಳು. ಅವುಗಳಲ್ಲಿ 46 ರಾಜ್ಯಗಳು ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಎರಡನೆಯ ಸಲ ಆರಿಸಿದವು. ಒಲ್ಲೆವೆಂದವು ಎರಡೇ ರಾಜ್ಯಗಳು, ದೇಶದ ಈಶಾನ್ಯ ಮೂಲೆಯ ಮೇಯ್ನ್ ಮತ್ತು ವರ್ಮಾಂಟ್. ಮೇಯ್ನಿಗಾದರೂ ಕಡಲುಂಟು, ಬಂದರುಗಳುಂಟು. ವರ್ಮಾಂಟಿಗೆ ಅದೂ ಇಲ್ಲ. ಬೆಟ್ಟ, ಕಾಡು, ಹುಲ್ಲುಗಾವಲು, ಕೊಟ್ಟಿಗೆ ತುಂಬ ಹಸುಗಳು, ವಸಂತದ ಆರಂಭದಲ್ಲಿ ಮೇಪಲ್ ಮರಗಳಿಂದ ಇಳಿಸುವ ಸಿಹಿ ರಸ, ಇಷ್ಟೇ ಅದರ ಸಂಪತ್ತು. 1930ರ ಗಣತಿಯಲ್ಲಿ ಇಡೀ ರಾಜ್ಯದ ಜನಸಂಖ್ಯೆ 3,59,611. ಅವರಲ್ಲಿ ಮೂರರಲ್ಲಿ ಎರಡು ಪಾಲು ಹಳ್ಳಿಗಾಡಿನವರು. ನಮ್ಮಲ್ಲಿ ಜನಕ್ಕಿಂತ ದನಗಳೇ ಹೆಚ್ಚು ಎಂದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವುದು ಅಲ್ಲಿಯವರ ರೂಢಿ.

ಅದು ಮಹಾ ಆರ್ಥಿಕ ಕುಸಿತದ ಕಾಲ. ಬ್ಯಾಂಕುಗಳು ಮುಳುಗಿ, ಕೋಟ್ಯಂತರ ಜನ ಕೆಲಸ ಕಳೆದುಕೊಂಡಿದ್ದಾಗ ರೂಸ್‌ವೆಲ್ಟ್ ಸರ್ಕಾರ ‘ನ್ಯೂ ಡೀಲ್’ ಎಂಬ ಹೆಸರಿನಲ್ಲಿ ಬಡವರಿಗೆ ಕೆಲಸ, ರೈತರಿಗೆ ಸಹಾಯ, ಮುದುಕರಿಗೆ ಪಿಂಚಣಿ ಎಂದು ಯೋಜನೆಗಳನ್ನು ತಂದಿತ್ತು. ವರ್ಮಾಂಟಿನವರೇನೂ ಸಿರಿವಂತರಲ್ಲ. ಕಲ್ಲು ತುಂಬಿದ ಇಳಿಜಾರಿನ ಹೊಲಗಳನ್ನು ಬಿಟ್ಟು ಎಷ್ಟೋ ಕುಟುಂಬಗಳು ಪಶ್ಚಿಮಕ್ಕೆ ವಲಸೆ ಹೋಗಿದ್ದವು. ಹಾಲಿನ ಬೆಲೆ ನೆಲ ಕಚ್ಚಿತ್ತು. ಹೀಗಿದ್ದೂ ಸಹಾಯಕ್ಕೆ ಬಂದವರ ವಿರುದ್ಧವೇ ಇವರೇಕೆ ಮತ ಹಾಕಿದರು? ಉಪಕಾರ ಸ್ಮರಣೆ ಇಲ್ಲದ ಜನ ಎಂದು ತಳ್ಳಿಹಾಕಿಬಿಡುವುದು ಸುಲಭ. ಆ ಕಾಲದಲ್ಲಿ ಹಾಗೆ ನಕ್ಕವರೂ ಇದ್ದರು. ನನಗೆ ಮಾತ್ರ ಈ ಪ್ರಶ್ನೆ ಅಷ್ಟು ಸುಲಭವಾಗಿ ಬಗೆಹರಿದಿಲ್ಲ.

ಮೊದಲು ಅವರ ಲೆಕ್ಕದ ರೀತಿಯನ್ನು ಹೇಳಿಬಿಡಬೇಕು. ಅಮೆರಿಕದ ಮತದಾರರು ಅಧ್ಯಕ್ಷರನ್ನು ನೇರವಾಗಿ ಆರಿಸುವುದಿಲ್ಲ. ಪ್ರತಿ ರಾಜ್ಯಕ್ಕೂ ಇಂತಿಷ್ಟು ‘ಎಲೆಕ್ಟರ್’ಗಳು. ಕೆಳಮನೆಗೆ ಆ ರಾಜ್ಯ ಕಳುಹಿಸುವ ಸದಸ್ಯರ ಸಂಖ್ಯೆಗೆ ಸೆನೆಟಿನ ಇಬ್ಬರನ್ನು ಕೂಡಿಸಿದರೆ ಆ ಸಂಖ್ಯೆ ಸಿಗುತ್ತದೆ. ವರ್ಮಾಂಟಿನಿಂದ ಕೆಳಮನೆಗೆ ಒಬ್ಬರೇ ಸದಸ್ಯರು, ಹಾಗಾಗಿ ಮೂರು ಎಲೆಕ್ಟರ್ ಮತ. ಮೇಯ್ನಿಗೆ ಆಗ ಐದು. ರಾಜ್ಯದಲ್ಲಿ ಯಾರು ಮುಂದೋ ಅವರಿಗೆ ಅಷ್ಟೂ ಮತ ಎಂಬುದು ಆಗಿನ ಪದ್ಧತಿ. 1936ರಲ್ಲಿ ರೂಸ್‌ವೆಲ್ಟ್‌ಗೆ 523 ಬಂದರೆ, ಎದುರಾಳಿ ರಿಪಬ್ಲಿಕನ್ ಪಕ್ಷದ ಆಲ್ಫ್ರೆಡ್ ಲ್ಯಾಂಡನ್‌ಗೆ ಬಂದದ್ದು 8. ಪಾಪ, ಲ್ಯಾಂಡನ್ ತಾವು ಗವರ್ನರ್ ಆಗಿದ್ದ ಕ್ಯಾನ್ಸಸ್‌ನಲ್ಲೇ ಸೋತರು. ಆಮೇಲೆ ನೂರು ವರ್ಷ ತುಂಬು ಬಾಳು ಬಾಳಿ 1987ರಲ್ಲಿ ತೀರಿಕೊಂಡರು.

ಈ ಚುನಾವಣೆಯ ಜೊತೆಗೆ ಒಂದು ಪತ್ರಿಕೆಯ ಕಥೆಯೂ ಅಂಟಿಕೊಂಡಿದೆ. ‘ಲಿಟರರಿ ಡೈಜೆಸ್ಟ್’ ಎಂಬ ವಾರಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡು ಕಳುಹಿಸಿ, ಮರಳಿ ಬಂದ 20 ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು ಎಣಿಸಿ, ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ವಿಳಾಸಗಳನ್ನು ಆರಿಸಿದ್ದು ಟೆಲಿಫೋನ್ ಮತ್ತು ಮೋಟಾರು ಕಾರು ಇದ್ದವರ ಪಟ್ಟಿಗಳಿಂದ. ಇಲ್ಲದವರ ಮನಸ್ಸು ಅದಕ್ಕೆ ಹೇಗೆ ತಿಳಿಯಬೇಕು? ಪತ್ರಿಕೆ ಎರಡು ವರ್ಷದೊಳಗೆ ಮುಚ್ಚಿಹೋಯಿತು. ಇನ್ನೊಂದು ಸಂಗತಿ, ಮೇಯ್ನ್ ಆಗೆಲ್ಲ ತನ್ನ ರಾಜ್ಯದ ಚುನಾವಣೆಯನ್ನು ಸೆಪ್ಟೆಂಬರಿನಲ್ಲೇ ಮುಗಿಸುತ್ತಿತ್ತು. ಮೇಯ್ನ್ ಹೋದತ್ತ ದೇಶ ಎಂಬ ಗಾದೆಯೇ ಇತ್ತು. ಆ ಸೆಪ್ಟೆಂಬರಿನಲ್ಲಿ ಅಲ್ಲಿ ರಿಪಬ್ಲಿಕನ್ನರು ಗೆದ್ದಾಗ ಲ್ಯಾಂಡನ್ ಕಡೆಯವರಿಗೆ ಆಸೆ ಚಿಗುರಿತ್ತು. ಫಲಿತಾಂಶ ಬಂದ ಮೇಲೆ ರೂಸ್‌ವೆಲ್ಟ್ ಕಡೆಯ ಜೇಮ್ಸ್ ಫಾರ್ಲಿ ಆ ಗಾದೆಯನ್ನು ತಿರುಚಿ, ಮೇಯ್ನ್ ಹೋದತ್ತ ವರ್ಮಾಂಟ್ ಎಂದುಬಿಟ್ಟರು. ದೇಶವೆಲ್ಲ ನಕ್ಕಿತು.

ನಕ್ಕವರು ಒಂದು ಲೆಕ್ಕವನ್ನು ಗಮನಿಸಲಿಲ್ಲ. ವರ್ಮಾಂಟಿನಲ್ಲಿ ಲ್ಯಾಂಡನ್‌ಗೆ 81,023 ಮತ, ರೂಸ್‌ವೆಲ್ಟ್‌ಗೆ 62,124. ಎಂದರೆ ನೂರರಲ್ಲಿ 43 ಜನ ಅಧ್ಯಕ್ಷರ ಪರವಾಗಿಯೇ ಇದ್ದರು. ವಿನೂಸ್ಕಿಯ ಗಿರಣಿ ಕೂಲಿಗಳು, ಬರ್ಲಿಂಗ್ಟನ್ ಸುತ್ತಲಿನ ಐರಿಷ್ ಮೂಲದವರು, ಕೆನಡಾದಿಂದ ಇಳಿದು ಬಂದ ಫ್ರೆಂಚ್ ಭಾಷೆಯವರು ಬಹುಮಟ್ಟಿಗೆ ಆ ಕಡೆ. ಒಂದು ರಾಜ್ಯ ಹೀಗೆ ಮತ ಹಾಕಿತು ಎಂದು ನಾವು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಚುನಾವಣೆ ಕೆಲಸಕ್ಕೆ ಹೋಗಿ, ರಾತ್ರಿ ಪೆಟ್ಟಿಗೆಗೆ ಮೊಹರು ಹಾಕಿಸಿಕೊಂಡು ಬಂದ ನಮ್ಮಂಥ ಮೇಷ್ಟರು ಟೀಚರುಗಳಿಗೆ ಗೊತ್ತು, ಒಂದೇ ಮನೆಯಿಂದ ಬಂದ ನಾಲ್ವರ ಮತವೂ ಒಂದೇ ಇರುವುದಿಲ್ಲ.

ಇನ್ನು ಆ 81 ಸಾವಿರ ಜನರ ವಿಚಾರ. ಅವರ ರಿಪಬ್ಲಿಕನ್ ನಿಷ್ಠೆಗೆ ಬೇರು ಅಂತರ್ಯುದ್ಧದಲ್ಲಿದೆ. ಬೆಳೆದ ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳಕೂಡದೆಂದು 1777ರಲ್ಲೇ ತನ್ನ ಸಂವಿಧಾನದಲ್ಲಿ ಬರೆದುಕೊಂಡ ನಾಡು ಅದು. 1861ರಲ್ಲಿ ಯುದ್ಧ ಶುರುವಾದಾಗ ಮೂರು ಲಕ್ಷ ಚಿಲ್ಲರೆ ಜನಸಂಖ್ಯೆಯ ರಾಜ್ಯದಿಂದ ಸುಮಾರು 34,000 ಜನ ಸೈನ್ಯಕ್ಕೆ ಹೋದರು, ಅವರಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಹಿಂದಿರುಗಲಿಲ್ಲ. ಲಿಂಕನ್ ಪಕ್ಷಕ್ಕೆ ಮತ ಹಾಕುವುದೆಂದರೆ ಸತ್ತವರಿಗೆ ಎಡೆಯಿಟ್ಟಂತೆ. 1856ರಿಂದ 1960ರವರೆಗೆ ಒಂದೂ ಅಧ್ಯಕ್ಷ ಚುನಾವಣೆಯಲ್ಲಿ ಆ ರಾಜ್ಯ ಬೇರೆ ಪಕ್ಷಕ್ಕೆ ಹೋಗಲಿಲ್ಲ. 1912ರಲ್ಲಿ ಪಕ್ಷವೇ ಒಡೆದು ಹೋಳಾದಾಗಲೂ, ಟ್ಯಾಫ್ಟ್ ಅವರ ಕೈ ಹಿಡಿದವು ವರ್ಮಾಂಟ್ ಮತ್ತು ಯೂಟಾ ಮಾತ್ರ. ಸಾಲದ್ದಕ್ಕೆ 1923ರಲ್ಲಿ ಅಧ್ಯಕ್ಷರಾದ ಕ್ಯಾಲ್ವಿನ್ ಕೂಲಿಜ್ ಇದೇ ನೆಲದವರು. ಅಧ್ಯಕ್ಷ ಹಾರ್ಡಿಂಗ್ ತೀರಿಕೊಂಡ ಸುದ್ದಿ ಬಂದಾಗ ಅವರು ರಜೆಗೆಂದು ಪ್ಲಿಮತ್ ನಾಚ್ ಹಳ್ಳಿಯ ಮನೆಯಲ್ಲಿದ್ದರು. ನಡುರಾತ್ರಿ ಕಳೆದ ಮೇಲೆ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಅವರ ತಂದೆಯೇ ಪ್ರಮಾಣವಚನ ಬೋಧಿಸಿದರು. ಇಂಥ ನೆನಪುಗಳಿರುವ ಜನ ಪಕ್ಷ ಬದಲಿಸುವುದು ಮನೆದೇವರನ್ನು ಬದಲಿಸಿದ ಹಾಗೆ.

ಆದರೆ ನೆನಪೊಂದರಿಂದಲೇ ಹೊಟ್ಟೆ ತುಂಬುವುದಿಲ್ಲ. ಬೇರೆ ಎಷ್ಟೋ ಉತ್ತರದ ರಾಜ್ಯಗಳಿಗೂ ಅಂತರ್ಯುದ್ಧದ ನೆನಪಿತ್ತು, ಅವೆಲ್ಲ ರೂಸ್‌ವೆಲ್ಟ್ ಕಡೆ ತಿರುಗಿದವಲ್ಲ. ವರ್ಮಾಂಟಿನ ಗುಟ್ಟು ಇರುವುದು ಅದರ ಊರ ಸಭೆಯಲ್ಲಿ ಎಂದು ನನಗನ್ನಿಸುತ್ತದೆ. ಪ್ರತಿವರ್ಷ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಿನ ಮತದಾರರೆಲ್ಲ ಒಂದೆಡೆ ಸೇರುತ್ತಾರೆ. ರಸ್ತೆಗೆಷ್ಟು, ಶಾಲೆಗೆಷ್ಟು, ತೆರಿಗೆ ಎಷ್ಟು ಎಂಬುದನ್ನೆಲ್ಲ ಕೈಯೆತ್ತಿ, ಬಾಯಿಬಿಟ್ಟು, ಜಗಳವಾಡಿ ತೀರ್ಮಾನಿಸುತ್ತಾರೆ. ಹೆಂಗಸರ ವಿಷಯದಲ್ಲಿ ಮಾತ್ರ ಆ ನಾಡು ನಿಧಾನ. ತೆರಿಗೆ ಕಟ್ಟುವ ಹೆಂಗಸರಿಗೆ ಶಾಲೆಯ ಸಭೆಯಲ್ಲಿ ಮತ 1880ರಲ್ಲೇ ಸಿಕ್ಕಿದರೂ, 1920ರಲ್ಲಿ ದೇಶದ ಹೆಂಗಸರಿಗೆಲ್ಲ ಮತದ ಹಕ್ಕು ಕೊಡುವ ತಿದ್ದುಪಡಿಗೆ ಒಂದು ರಾಜ್ಯದ ಒಪ್ಪಿಗೆ ಬೇಕಾಗಿದ್ದಾಗ ಅಲ್ಲಿನ ಗವರ್ನರ್ ಕ್ಲೆಮೆಂಟ್ ಶಾಸನಸಭೆಯನ್ನು ಕರೆಯಲೇ ಇಲ್ಲ. ಆ ಕೀರ್ತಿ ಟೆನೆಸಿಗೆ ಹೋಯಿತು.

ಬಡವರನ್ನು ನೋಡಿಕೊಳ್ಳುವ ಹೊಣೆಯೂ ಊರಿನದೇ. ಅದಕ್ಕೆಂದೇ ಬಡವರ ಮೇಲ್ವಿಚಾರಕನೊಬ್ಬನನ್ನು ಊರವರು ಆರಿಸುತ್ತಿದ್ದರು. ಸೌದೆ, ಹಿಟ್ಟು, ಔಷಧಿ ಯಾರಿಗೆ ಎಷ್ಟು ಕೊಡಬೇಕೆಂದು ಅವನು ತೀರ್ಮಾನಿಸಬೇಕು. ಕೊಟ್ಟದ್ದರ ಲೆಕ್ಕ ಊರಿನ ವಾರ್ಷಿಕ ವರದಿಯಲ್ಲಿ, ಅನೇಕ ಕಡೆ ಪಡೆದವರ ಹೆಸರಿನ ಸಮೇತ, ಅಚ್ಚಾಗುತ್ತಿತ್ತು. ಊರೆಲ್ಲ ಓದುತ್ತಿತ್ತು. ಈ ಪದ್ಧತಿ ಹೋದದ್ದು 1968ರಲ್ಲಿ. ಇದನ್ನು ತಿಳಿದ ಮೇಲೆ ನ್ಯೂ ಡೀಲ್ ಬಗ್ಗೆ ಅವರಿಗಿದ್ದ ಅಳುಕು ನನಗೆ ಸ್ವಲ್ಪ ಅರ್ಥವಾಯಿತು. ಸಹಾಯ ಪಡೆಯುವುದೆಂದರೆ ತಲೆ ತಗ್ಗಿಸುವುದು ಎಂದು ಚಿಕ್ಕಂದಿನಿಂದ ನೋಡಿದವರಿಗೆ, ದೂರದ ವಾಷಿಂಗ್ಟನ್ನಿನಿಂದ ಹಣ ಬರುತ್ತದೆಂದರೆ ಸಂತೋಷಕ್ಕಿಂತ ಮುಂಚೆ ಅನುಮಾನವೇ ಬಂದಿರಬೇಕು. ಇದು ಸ್ವಾಭಿಮಾನವೂ ಹೌದು. ಹಸಿದವನ ಹೆಸರನ್ನು ಅಚ್ಚು ಹಾಕುವ ಕ್ರೌರ್ಯವೂ ಅದರೊಳಗೇ ಇತ್ತು ಎಂಬುದನ್ನು ಮರೆಯಬಾರದು.

ಆ ಅನುಮಾನ ಹೊರಬಿದ್ದದ್ದು ರಸ್ತೆಯೊಂದರ ವಿಷಯದಲ್ಲಿ. ರಾಜ್ಯದ ನಡುಬೆನ್ನಿನಂತೆ ಉದ್ದಕ್ಕೆ ಹಬ್ಬಿದ ಹಸಿರು ಬೆಟ್ಟಗಳ ಮೇಲೆ ಸುಮಾರು 260 ಮೈಲಿಯ ಒಂದು ವಿಹಾರ ರಸ್ತೆ ಮಾಡುವ ಯೋಜನೆ 1933ರಲ್ಲಿ ಬಂತು. ಕೇಂದ್ರ ಸರ್ಕಾರ 1 ಕೋಟಿ 80 ಲಕ್ಷ ಡಾಲರ್ ಕೊಡುವುದೆಂದೂ, ರಾಜ್ಯ ಜಮೀನಿಗಾಗಿ 5 ಲಕ್ಷ ಡಾಲರ್ ಹಾಕುವುದೆಂದೂ ಲೆಕ್ಕ. ಸಾವಿರಾರು ಜನರಿಗೆ ಕೆಲಸ. ಪ್ರವಾಸಿಗಳು ಬರುತ್ತಾರೆ, ಅಂಗಡಿ ನಡೆಯುತ್ತದೆ ಎಂದು ಒಂದು ಕಡೆಯವರು. ಬೆಟ್ಟದ ನೆತ್ತಿ ಕೇಂದ್ರದ ಪಾಲಾಗುತ್ತದೆ, ರಾಜ್ಯ ಎರಡು ಹೋಳಾಗುತ್ತದೆ, ಕಾಲುದಾರಿಯ ನೆಮ್ಮದಿ ಹಾಳಾಗುತ್ತದೆ ಎಂದು ಇನ್ನೊಂದು ಕಡೆಯವರು. ಶಾಸನಸಭೆಯಲ್ಲಿ ಒಮ್ಮೆ ಬಿದ್ದುಹೋದ ಯೋಜನೆಯನ್ನು ಕೊನೆಗೆ ಜನರ ಮುಂದೆಯೇ ಇಟ್ಟರು. 1936ರ ಮಾರ್ಚ್‌ನಲ್ಲಿ ಊರ ಸಭೆಯ ದಿನವೇ ಮತದಾನವಾಯಿತು. ಜನ ಬೇಡವೆಂದರು. ನವೆಂಬರಿನಲ್ಲಿ ಲ್ಯಾಂಡನ್‌ಗೆ ಬಿದ್ದ ಮತದ ಮುನ್ಸೂಚನೆ ಆ ಮಾರ್ಚಿನಲ್ಲೇ ಇತ್ತು. ಕೂಲಿ ಸಿಗದ ಕಾಲದಲ್ಲಿ ಅಷ್ಟು ಹಣವನ್ನು ಮರಳಿ ಕಳುಹಿಸುವುದಕ್ಕೆ ಎದೆಗಾರಿಕೆ ಬೇಕು ಎಂದು ಹೊಗಳುವವರುಂಟು. ಕೂಲಿ ಬೇಕಾಗಿದ್ದವನನ್ನು ಕೇಳಿದ್ದರೆ ಏನೆನ್ನುತ್ತಿದ್ದನೋ.

ಏಕೆಂದರೆ ಆ ನಾಡಿನಲ್ಲಿ ಎಲ್ಲರ ಮಾತಿಗೂ ಒಂದೇ ತೂಕ ಇರಲಿಲ್ಲ. ಶಾಸನಸಭೆಯ ಕೆಳಮನೆಯಲ್ಲಿ ಊರಿಗೊಬ್ಬ ಸದಸ್ಯ. ಬರ್ಲಿಂಗ್ಟನ್ ನಗರಕ್ಕೂ ಒಬ್ಬ, ನೂರು ಜನರಿಲ್ಲದ ಬೆಟ್ಟದ ಹಳ್ಳಿಗೂ ಒಬ್ಬ. ಹೀಗೆ 246 ಜನ. 1965ರವರೆಗೆ ಇದೇ ನಡೆಯಿತು. ಅಮೃತಶಿಲೆಯ ಗಣಿಗಳಿದ್ದ ರಟ್‌ಲಂಡ್ ಸುತ್ತಿನಲ್ಲಿ 1935ರ ಚಳಿಗಾಲದಿಂದ 1936ರ ಬೇಸಿಗೆಯವರೆಗೆ ಕಾರ್ಮಿಕರು ಮುಷ್ಕರ ಹೂಡಿದ್ದರು. ಗಣಿಯ ಒಡೆಯರಾದ ಪ್ರಾಕ್ಟರ್ ಮನೆತನದಿಂದ ರಾಜ್ಯಕ್ಕೆ ಒಬ್ಬರಲ್ಲ, ನಾಲ್ವರು ಗವರ್ನರುಗಳು ಬಂದವರು. ಕಾರ್ಮಿಕರ ಅಳಲಿಗೆ ರಾಜಧಾನಿ ಮಾಂಟ್‌ಪೀಲಿಯರ್‌ನಲ್ಲಿ ಎಷ್ಟು ಕಿವಿಗಳು ಸಿಕ್ಕಿರಬಹುದು, ಊಹಿಸಿಕೊಳ್ಳಬಹುದು. ಇದಕ್ಕಿಂತ ಕಹಿಯಾದ ಸಂಗತಿಯೂ ಒಂದಿದೆ. ‘ಹಳೆಯ ಒಳ್ಳೆಯ ವಂಶ’ದವರು ಕಡಿಮೆಯಾಗುತ್ತಿದ್ದಾರೆಂಬ ಹೆದರಿಕೆಯಲ್ಲಿ 1925ರಿಂದ 1936ರವರೆಗೆ ಪ್ರೊಫೆಸರ್ ಹೆನ್ರಿ ಪರ್ಕಿನ್ಸ್ ಅಲ್ಲಿ ವಂಶಶುದ್ಧಿಯ ಸಮೀಕ್ಷೆ ನಡೆಸಿದರು. 1931ರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಕಾನೂನೂ ಬಂತು. ಬಡವರು, ಬುದ್ಧಿಮಾಂದ್ಯರೆಂದು ಹಣೆಪಟ್ಟಿ ಹಚ್ಚಿಸಿಕೊಂಡವರು, ಫ್ರೆಂಚ್ ಕೆನಡಾ ಮೂಲದವರು, ಅಬೆನಾಕಿ ಆದಿವಾಸಿಗಳು ಇದಕ್ಕೆ ಗುರಿಯಾದರು. ಶಾಸನಸಭೆ ಇದಕ್ಕಾಗಿ ಕ್ಷಮೆ ಕೇಳಿದ್ದು 2021ರಲ್ಲಿ. ಹೊರಗಿನವರು ನಮ್ಮ ಊರಿಗೆ ಕೈ ಹಾಕಬಾರದು ಎಂಬ ಮಾತು ಕೇಳಲು ಇಂಪು. ಊರಿನೊಳಗೇ ಹೊರಗಿನವರೆನಿಸಿಕೊಂಡವರಿಗೆ ಅದು ಹೇಗೆ ಕೇಳಿಸಿತ್ತೋ ಅದನ್ನೂ ಚರಿತ್ರೆ ಬರೆದುಕೊಳ್ಳಬೇಕು.

ಹಾಗೆಂದು ವರ್ಮಾಂಟ್ ಕೇಂದ್ರದ ಹಣವನ್ನು ಮುಟ್ಟಲೇ ಇಲ್ಲವೆಂಬುದು ಬರಿಯ ಐತಿಹ್ಯ. 1927ರ ನವೆಂಬರ್ 3 ಮತ್ತು 4ರಂದು ಅಲ್ಲಿ ಭಯಂಕರ ಪ್ರವಾಹ ಬಂತು. 84 ಜನ ಸತ್ತರು, ಅವರಲ್ಲಿ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಹಾಲಿಸ್ಟರ್ ಜ್ಯಾಕ್ಸನ್ ಕೂಡ ಒಬ್ಬರು. 1,285 ಸೇತುವೆಗಳು ಕೊಚ್ಚಿಹೋದವು. ಆಗಲೇ ಕೇಂದ್ರದ ನೆರವನ್ನು ಪಡೆದಿದ್ದರು. ರೂಸ್‌ವೆಲ್ಟ್ ಬಂದ ಮೇಲೆ ವಿನೂಸ್ಕಿ ನದಿಯ ಕಣಿವೆಯಲ್ಲಿ ಈಸ್ಟ್ ಬ್ಯಾರೆ, ರೈಟ್ಸ್‌ವಿಲ್, ವಾಟರ್‌ಬರಿ ಎಂಬ ಮೂರು ಅಣೆಕಟ್ಟುಗಳಿಗೆ ಕೈ ಹಾಕಿದರು. ಕಟ್ಟಿದವರು ನ್ಯೂ ಡೀಲಿನ ಸಂರಕ್ಷಣಾ ದಳದವರು, ಹೆಚ್ಚಿನವರು ಮೊದಲನೆಯ ಮಹಾಯುದ್ಧದಿಂದ ಮರಳಿ ಕೆಲಸವಿಲ್ಲದೆ ಅಲೆಯುತ್ತಿದ್ದ ಮಾಜಿ ಸೈನಿಕರು. ಅದೇ ದಳದ ಹುಡುಗರು ಮ್ಯಾನ್ಸ್‌ಫೀಲ್ಡ್ ಬೆಟ್ಟದಲ್ಲಿ ಹಿಮದ ಮೇಲೆ ಜಾರುವ ಆಟಕ್ಕೆ ದಾರಿಗಳನ್ನು ಕಡಿದರು. ಇಂದು ಆ ರಾಜ್ಯಕ್ಕೆ ಪ್ರವಾಸಿಗಳಿಂದ ಬರುವ ವರಮಾನದಲ್ಲಿ ಈ ಆಟದ ಪಾಲು ದೊಡ್ಡದು. ಪ್ರವಾಹದ ಒಂಬತ್ತನೆಯ ವರ್ಷ, ಅದೇ ನವೆಂಬರ್ 3ರಂದು, ಅಣೆಕಟ್ಟಿನ ಕೆಲಸ ಇನ್ನೂ ನಡೆಯುತ್ತಿರುವಾಗಲೇ ಅವರು ಹೋಗಿ ಲ್ಯಾಂಡನ್‌ಗೆ ಮತ ಹಾಕಿದರು. ಬೇಕಾದದ್ದನ್ನು ತೆಗೆದುಕೊಂಡು ಬೇಡವಾದದ್ದನ್ನು ಬಿಡುವ ಜಾಣತನ ಇದು. ಉಪಕಾರಕ್ಕೆ ಮತವೇ ಬೆಲೆ ಎಂದು ಅವರು ಒಪ್ಪಲಿಲ್ಲ. ಈ ಒಂದು ವಿಷಯದಲ್ಲಿ ನಾನು ಆ ರೈತರ ಪರ.

ಅದೇ ದಿನ ಅವರು ತಮ್ಮ ಗವರ್ನರ್ ಆಗಿ ಆರಿಸಿದವರು ಜಾರ್ಜ್ ಐಕನ್. ಪಟ್ನಿ ಎಂಬ ಊರಿನಲ್ಲಿ ಗಿಡಗಳ ನರ್ಸರಿ ನಡೆಸುತ್ತಿದ್ದವರು, ಕಾಡು ಹೂಗಳ ಬಗ್ಗೆ ಪುಸ್ತಕ ಬರೆದವರು. ಅವರೂ ರಿಪಬ್ಲಿಕನ್ನರೇ, ಆದರೆ ವಿದ್ಯುತ್ ಕಂಪನಿಗಳ ಹಿಡಿತವನ್ನು ವಿರೋಧಿಸಿ, ತಂತಿ ಬಾರದ ಹಳ್ಳಿಗಳಿಗೆ ರೈತರ ಸಹಕಾರಿ ವಿದ್ಯುತ್ ಸಂಘಗಳು ಬೇಕೆಂದರು. ರಾಜ್ಯವನ್ನು ಕೇಳದೆ ಅಣೆಕಟ್ಟಿಗೆ ಜಮೀನು ತೆಗೆದುಕೊಳ್ಳುವ ವಿಷಯದಲ್ಲಿ ಕೇಂದ್ರದೊಡನೆಯೂ ಕಾದಾಡಿದರು. 1938ರಲ್ಲಿ ಲಿಂಕನ್ ದಿನದ ಭಾಷಣದಲ್ಲಿ ತಮ್ಮ ಪಕ್ಷದ ಹಿರಿಯರನ್ನೇ ತರಾಟೆಗೆ ತೆಗೆದುಕೊಂಡರು. ಇಂಥವರನ್ನು ಸಂಪ್ರದಾಯವಾದಿ ಎನ್ನಬೇಕೋ ಸುಧಾರಕ ಎನ್ನಬೇಕೋ ಪಾಠ ಮಾಡುವವರಿಗೆ ಕಷ್ಟ. ವರ್ಮಾಂಟಿನವರಿಗೆ ಆ ಕಷ್ಟವಿರಲಿಲ್ಲ. 1941ರಿಂದ 1975ರವರೆಗೆ ಅವರನ್ನು ಸೆನೆಟಿಗೆ ಕಳುಹಿಸುತ್ತಲೇ ಇದ್ದರು.

ರೂಸ್‌ವೆಲ್ಟ್ ನಾಲ್ಕು ಸಲ ಗೆದ್ದರು. ನಾಲ್ಕು ಸಲವೂ ಅವರಿಗೆ ಸಿಗದೇ ಹೋದವು ಮೇಯ್ನ್ ಮತ್ತು ವರ್ಮಾಂಟ್ ಎರಡೇ. ಆಮೇಲೆ ಕಾಲ ಬದಲಾಯಿತು. ಹೆದ್ದಾರಿಗಳು ಬಂದವು, ಅವುಗಳ ಹಿಂದೆಯೇ ನಗರಗಳಿಂದ ಹೊಸ ಜನ ಬಂದರು. 1962ರಲ್ಲಿ ಫಿಲಿಪ್ ಹಾಫ್ ಒಂದು ಶತಮಾನಕ್ಕೂ ಮೀರಿದ ಅವಧಿಯ ಮೇಲೆ ಮೊದಲ ಡೆಮಾಕ್ರಟಿಕ್ ಗವರ್ನರ್ ಆಗಿ ಆಯ್ಕೆಯಾದರು. 1964ರಲ್ಲಿ ರಾಜ್ಯ ಮೊದಲ ಬಾರಿಗೆ ಡೆಮಾಕ್ರಟಿಕ್ ಅಧ್ಯಕ್ಷ ಜಾನ್ಸನ್‌ರಿಗೆ ಒಲಿಯಿತು. 1992ರಿಂದ ಈಚೆಗೆ ಒಂದೂ ಸಲ ರಿಪಬ್ಲಿಕನ್ ಅಭ್ಯರ್ಥಿಗೆ ತನ್ನ ಮೂರು ಮತ ಕೊಟ್ಟಿಲ್ಲ. 2024ರಲ್ಲಿ ದೇಶ ಟ್ರಂಪ್ ಅವರನ್ನು ಆರಿಸಿದಾಗ, ಎಲ್ಲ ರಾಜ್ಯಗಳಿಗಿಂತ ಹೆಚ್ಚಿನ ಶೇಕಡಾ ಪ್ರಮಾಣದಲ್ಲಿ ಕಮಲಾ ಹ್ಯಾರಿಸ್ ಅವರಿಗೆ ಮತ ಹಾಕಿದ್ದು ವರ್ಮಾಂಟ್. ಲ್ಯಾಂಡನ್‌ಗೆ ಮತ ಹಾಕಿದ ಅಜ್ಜ ಅಜ್ಜಿಯರು ಇದ್ದಿದ್ದರೆ ಹೌಹಾರುತ್ತಿದ್ದರೋ ಏನೋ.

2023ರ ಜುಲೈನಲ್ಲಿ ಆ ಕಣಿವೆಯಲ್ಲಿ ಮತ್ತೆ ಎರಡು ದಿನ ಬಿಡದೆ ಮಳೆ ಹೊಯ್ಯಿತು. ಮಾಂಟ್‌ಪೀಲಿಯರ್ ಬೀದಿಗಳಲ್ಲಿ ನೀರು ನುಗ್ಗಿ ಅಂಗಡಿಗಳೆಲ್ಲ ಮುಳುಗಿದವು. ಊರ ಮೇಲುಗಡೆಯ ರೈಟ್ಸ್‌ವಿಲ್ ಅಣೆಕಟ್ಟಿನಲ್ಲಿ ನೀರು ಕೋಡಿ ಹರಿಯಲು ಒಂದಡಿಯಷ್ಟು ಬಾಕಿ ಇತ್ತು. ಅಧಿಕಾರಿಗಳು ರಾತ್ರಿಯೆಲ್ಲ ಅದನ್ನೇ ಕಾಯುತ್ತಾ ಕುಳಿತರು. ಮಾಜಿ ಸೈನಿಕರು ಕಟ್ಟಿದ ಆ ಮಣ್ಣಿನ ಏರಿ ನಿಂತಿತು, ನೀರು ಕೋಡಿಯ ಮೇಲೆ ಹರಿಯಲಿಲ್ಲ.