ಓದುಗರ ಲೆಕ್ಕದ ಪುಸ್ತಕ ಯಾರ ಬಳಿ ಇರಬೇಕು?

ನೀವು ಮೊಬೈಲ್‌ನಲ್ಲಿ ಒಂದು ಸುದ್ದಿ ತೆರೆದರೆ ಯಾವ ಪುಟ, ಎಷ್ಟು ಹೊತ್ತಿಗೆ, ಯಾವ ಬಗೆಯ ಫೋನ್ ಎಂಬುದು ಎಲ್ಲೋ ದಾಖಲಾಗುತ್ತದೆ. ಆ ಲೆಕ್ಕವನ್ನು ನಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಲು ನಾವು ತಯಾರಿ ನಡೆಸಿದ್ದೇವೆ. ಇದು ಹೊಸದೇನಲ್ಲ. ವೆಬ್‌ನ ಆರಂಭದ ದಿನಗಳಲ್ಲಿ ಹೀಗೇ ಇತ್ತು.

1990ರ ದಶಕದಲ್ಲಿ ವೆಬ್‌ಸೈಟ್ ಇರುವ ಕಂಪ್ಯೂಟರೇ ಬಂದುಹೋದವರ ಲೆಕ್ಕವನ್ನು ಸಾಲು ಸಾಲಾಗಿ ಬರೆದಿಡುತ್ತಿತ್ತು. ಅದನ್ನು ಲಾಗ್ ಎನ್ನುತ್ತಾರೆ. 1995ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಸ್ಟೀಫನ್ ಟರ್ನರ್ ಹೊರತಂದ 'ಅನಲಾಗ್' ಎಂಬ ಉಚಿತ ತಂತ್ರಾಂಶ ಆ ಸಾಲುಗಳನ್ನು ಕೂಡಿಸಿ ವರದಿ ಕೊಡುತ್ತಿತ್ತು. ಲೆಕ್ಕ ಮನೆಯಲ್ಲೇ ಇತ್ತು.

2005ರಲ್ಲಿ ಗೂಗಲ್, ಅಮೆರಿಕದ ಅರ್ಚಿನ್ ಎಂಬ ಕಂಪನಿಯನ್ನು ಕೊಂಡಿತು. ಅದೇ ನವೆಂಬರ್‌ನಲ್ಲಿ 'ಗೂಗಲ್ ಅನಲಿಟಿಕ್ಸ್' ಪುಕ್ಕಟೆಯಾಗಿ ಬಂತು. ಪುಟದಲ್ಲಿ ಕೆಲವು ಸಾಲು ಕೋಡ್ ಹಾಕಿದರೆ ಮುಗಿಯಿತು. ಕೆಲಸ ಸುಲಭವಾಯಿತು, ಆದರೆ ಲೆಕ್ಕದ ಪುಸ್ತಕ ಬೇರೆಯವರ ಮನೆ ಸೇರಿತು. 2023ರ ಜುಲೈ 1ರಿಂದ ಅದರ ಹಳೆಯ ಆವೃತ್ತಿಯಲ್ಲಿ ಸಾಮಾನ್ಯ ಬಳಕೆದಾರರ ಎಣಿಕೆ ನಿಂತಿತು. ಮರುವರ್ಷ ಹಳೆಯ ವರದಿಗಳೂ ಸಿಗದಂತಾದವು.

ಇದಕ್ಕೆ ಬಹಳ ಮೊದಲೇ ಇನ್ನೊಂದು ದಾರಿ ತೆರೆದಿತ್ತು. ಮ್ಯಾಥ್ಯೂ ಓಬ್ರಿ ಆರಂಭಿಸಿದ 'ಪಿವಿಕ್' ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮ ಸರ್ವರ್‌ಗೆ ಹಾಕಿಕೊಳ್ಳಬಹುದಿತ್ತು. 2018ರಲ್ಲಿ ಅದರ ಹೆಸರು 'ಮಟೋಮೊ' ಎಂದಾಯಿತು. 2022ರ ಜನವರಿಯಲ್ಲಿ ಆಸ್ಟ್ರಿಯಾದ ದತ್ತಾಂಶ ರಕ್ಷಣಾ ಪ್ರಾಧಿಕಾರವು, ಅಲ್ಲಿನ ವೆಬ್‌ಸೈಟೊಂದು ಗೂಗಲ್ ಅನಲಿಟಿಕ್ಸ್ ಮೂಲಕ ಓದುಗರ ವಿವರವನ್ನು ಅಮೆರಿಕಕ್ಕೆ ಕಳಿಸಿದ್ದು ಯುರೋಪಿನ ಕಾನೂನಿಗೆ ವಿರುದ್ಧ ಎಂದಿತು. ಆಮೇಲೆ ಈ ದಾರಿಯ ಕಡೆ ನೋಡುವವರು ಹೆಚ್ಚಾದರು. ನಮ್ಮ ದೇಶದಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿತು.

ಪುಸ್ತಕ ಮನೆಗೆ ಬಂದರೆ ಹೊಣೆಯೂ ಬರುತ್ತದೆ. ಮಟೋಮೊ ನಡೆಯಲು ಸರ್ವರ್‌ನಲ್ಲಿ ಪಿಎಚ್‌ಪಿ ಮತ್ತು ಮೈಎಸ್‌ಕ್ಯುಎಲ್ ಅಥವಾ ಮರಿಯಾಡಿಬಿ ಬೇಕು. ಹೊಸ ಆವೃತ್ತಿ ಬಂದಾಗ ಬೇಗ ಹಾಕಬೇಕು. ಇನ್ನೊಂದು ಕಡೆ ಪ್ರತಿ ಇಡಬೇಕು. ಇವೆಲ್ಲಕ್ಕಿಂತ ಮೊದಲು, ಏನನ್ನು ಬರೆದಿಡಬಾರದು ಎಂದು ತೀರ್ಮಾನಿಸಬೇಕು. ಇಂಟರ್‌ನೆಟ್‌ನಲ್ಲಿ ನಿಮ್ಮ ಫೋನಿನ ವಿಳಾಸವಾದ ಐಪಿ ಸಂಖ್ಯೆಯ ಕೊನೆಯ ಭಾಗವನ್ನು ಅಳಿಸಿ ಉಳಿದದ್ದನ್ನಷ್ಟೇ ಇಡಬಹುದು. ಬಿಡಿ ವಿವರವನ್ನು ಕೆಲವು ತಿಂಗಳ ನಂತರ ತೆಗೆದುಹಾಕಿ, ಒಟ್ಟು ಮೊತ್ತ ಮಾತ್ರ ಉಳಿಸಬಹುದು.

ದೊಡ್ಡ ನಗರದಲ್ಲಿ ಓದುಗ ಒಂದು ಸಂಖ್ಯೆ. ಸಣ್ಣ ಊರಲ್ಲಿ ಸಮಯ ಮತ್ತು ಫೋನಿನ ಬಗೆ ತಿಳಿದರೂ ಆಳು ಯಾರೆಂದು ಊಹಿಸುವವರಿದ್ದಾರೆ. ಗುತ್ತಿಗೆದಾರನ ಕಳಪೆ ರಸ್ತೆಯ ಸುದ್ದಿಯನ್ನು ಯಾರ್‍ಯಾರು ಓದಿದರು ಎಂದು ನಾಳೆ ಯಾರಾದರೂ ಬಂದು ಕೇಳಿದರೆ, ಎಷ್ಟು ಜನ ಎಂದಷ್ಟೇ ಹೇಳಲು ನಮಗೆ ಸಾಧ್ಯವಾಗಬೇಕು.